ಲಾಕ್ ಹಾಕಿಕೊಡಿ

ಮಾತಾಡುವವರು ಇಬ್ಬರು. ಒಬ್ಬರು ಸಾಗರದ ಸುತ್ತಮುತ್ತಲ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ಟೀಚರ್. ಭಾನುವಾರಗಳಂದು ಚರ್ಚಿನ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಸಿದವರು. ಇನ್ನೊಬ್ಬ ಅವರದೇ ಹಳೆಯ ವಿದ್ಯಾರ್ಥಿ, ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಜಾಗ, ಇಕ್ಕೇರಿ ರಸ್ತೆಯಲ್ಲಿರುವ ಟೀಚರ್ ಮನೆಯ ಜಗಲಿ. ಕಾಲ, 2026ರ ತಪಸ್ಸುಕಾಲದ ಮೊದಲ ವಾರ.

ಅಂಗಡಿಯವ: ಫಾದರ್ ನನಗೊಂದು ಕೆಲಸ ಅಂಟಿಸಿದ್ದಾರೆ ಟೀಚರ್. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಹತ್ತು ನಿಮಿಷ ಮಾತಾಡಬೇಕಂತೆ. ವಿಷಯ ಮೊಬೈಲ್ ಉಪವಾಸ. ಅಲ್ಲಿ ಕೂರುವವರಲ್ಲಿ ಅರ್ಧ ಜನರ ಕೈಯಲ್ಲಿರುವ ಫೋನ್ ನಾನೇ ಮಾರಿದ್ದು. ಸಾರಾಯಿ ಅಂಗಡಿಯವನಿಂದ ಪಾನನಿಷೇಧದ ಭಾಷಣ ಮಾಡಿಸಿದ ಹಾಗೆ.

ಟೀಚರ್: ಫಾದರಿಗೆ ಬುದ್ಧಿ ಇದೆ. ಯಾರ ಮನೆಯಲ್ಲಿ ಏನು ನಡೆಯುತ್ತದೆ ಅಂತ ಪಾಪನಿವೇದನೆ ಕೇಳುವವರಿಗಿಂತ ನಿನಗೇ ಹೆಚ್ಚು ಗೊತ್ತು. ಏನು ಬರೆದುಕೊಂಡಿದ್ದೀಯ, ಓದು.

ಅಂಗಡಿಯವ: ಜಾಸ್ತಿ ಏನಿಲ್ಲ. ಊಟಕ್ಕೆ ಕೂತಾಗ ಫೋನ್ ಮುಟ್ಟಬಾರದು. ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಬಾರದು. ಶುಕ್ರವಾರ ಮಾಂಸ ಬಿಡುವ ಹಾಗೆ ವಾಟ್ಸಾಪೂ ಬಿಡಬೇಕು. ದಿನಕ್ಕೆ ಇಷ್ಟೇ ಹೊತ್ತು ಅಂತ ಫೋನಿನಲ್ಲೇ ಮಿತಿ ಹಾಕಿಕೊಳ್ಳಬಹುದು, ಅದನ್ನು ಅಲ್ಲೇ ತೋರಿಸಿಕೊಡುತ್ತೇನೆ. ನಲವತ್ತು ದಿನ ಹೀಗೆ ಇದ್ದು ನೋಡಿ ಅಂತ ಮುಗಿಸುವುದು.

ಟೀಚರ್: ಇದನ್ನು ಯಾವ ಊರಲ್ಲಾದರೂ ಹೇಳಬಹುದು. ಕಣ್ಣಿನ ಡಾಕ್ಟರೂ ಹೇಳುತ್ತಾರೆ. ನಿನ್ನ ಎದುರು ಕೂರುವವರು ಯಾರು ಅಂತ ಯೋಚಿಸಿದ್ದೀಯಾ? ತುಮರಿ ಕಡೆಯವರು ಇರುತ್ತಾರೆ. ಹೊಸನಗರದ ಆಚೆ, ಹಿನ್ನೀರಿನ ಸೆರಗಿನ ಹಳ್ಳಿಗಳಿಂದ ಬಂದವರು ಇರುತ್ತಾರೆ. 'ನೋ ನೆಟ್‌ವರ್ಕ್ ನೋ ವೋಟಿಂಗ್' ಅಂತ ಬ್ಯಾನರ್ ಹಿಡಿದ ಸೀಮೆ ಅದು. ಕೋವಿಡ್ ಹೊತ್ತಿನಲ್ಲಿ ಆ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಅಂತ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿದ್ದು ನಿನಗೆ ಗೊತ್ತಿಲ್ಲವಾ? ಒಂದು ಕಡ್ಡಿ ಸಿಗ್ನಲ್‌ಗೆ ಇಂಬಳ ಕಚ್ಚಿಸಿಕೊಂಡವರಿಗೆ ಹೋಗಿ ಉಪವಾಸದ ಮಹಿಮೆ ಹೇಳುತ್ತೀಯಾ?

ಅಂಗಡಿಯವ: ಅವರಿಗೆ ಅಭ್ಯಾಸ ಆಗಿಬಿಟ್ಟಿದೆ ಅಂತ ಖುಷಿಪಡಬಹುದಲ್ಲ? ಫಾದರೇ ಒಮ್ಮೆ ಅಂದಿದ್ದರು, ಆ ಕಡೆ ಮನೆಗಳಲ್ಲಿ ಇನ್ನೂ ಸಂಜೆ ಎಲ್ಲರೂ ಒಟ್ಟಿಗೆ ಕೂತು, ಜಪಮಾಲೆ ಹಿಡಿದು ತೇರ್ಸ್ ಮಾಡುತ್ತಾರೆ ಅಂತ.

ಟೀಚರ್: ಅಕ್ಕಿ ಇಲ್ಲದೆ ಮಲಗುವುದು ಉಪವಾಸ ಅಲ್ಲ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1964ರಲ್ಲಿ. ನೀರು ನಿಂತಿತು, ಕರೆಂಟು ಊರೂರಿಗೆ ಹೋಯಿತು, ತುಮರಿ ಕಡೆಯವರು ಮಾತ್ರ ಆಸ್ಪತ್ರೆಗೂ ಕಚೇರಿಗೂ ಲಾಂಚ್ ಕಾಯುತ್ತ ಉಳಿದರು. ಸೇತುವೆ ಆಗಿದ್ದು 2025ರ ಜುಲೈಯಲ್ಲಿ. ಆರು ದಶಕ! ಹೊರಗಿನವರು ಕಾರಲ್ಲಿ ಬಂದು, ಆಹಾ, ಇಲ್ಲಿ ನೆಟ್‌ವರ್ಕ್ ಇಲ್ಲ, ಎಂಥ ಶಾಂತಿ ಅಂತ ಹೋಂಸ್ಟೇಯಲ್ಲಿ ಎರಡು ದಿನ ಮಲಗಿ ಹೋಗುತ್ತಾರೆ. ರಾತ್ರಿ ಹೆರಿಗೆ ನೋವು ಬಂದವಳಿಗೆ ಅದೇ ಶಾಂತಿಯಲ್ಲಿ ಆಂಬುಲೆನ್ಸಿಗೆ ಫೋನ್ ಹತ್ತುವುದಿಲ್ಲ. ಇಲ್ಲದಿರುವುದನ್ನು ಬಿಡುವುದಕ್ಕೆ ಆಗುವುದಿಲ್ಲ ಮಾರಾಯ. ಉಪವಾಸ ಅನ್ನುವುದು ಇದ್ದವರ ವ್ರತ.

ಅಂಗಡಿಯವ: ಹಾಗಾದರೆ ನಾನು ಹೇಳುವುದಾದರೂ ಏನು?

ಟೀಚರ್: ಯೆಶಾಯನ 58ನೇ ಅಧ್ಯಾಯ ತೆಗೆದು ನೋಡು. ಬೂದಿ ಬುಧವಾರದ ಮರುದಿನಗಳಲ್ಲಿ ನಮ್ಮ ಪೂಜೆಯಲ್ಲೇ ಓದುತ್ತಾರೆ, ಯಾರೂ ಕಿವಿಗೊಡುವುದಿಲ್ಲ ಅಷ್ಟೆ. ಜನ ಉಪವಾಸ ಮಾಡಿಕೊಂಡು ದೇವರ ಹತ್ತಿರ ಜಗಳಕ್ಕೆ ಹೋಗುತ್ತಾರೆ, ನಾವು ಇಷ್ಟು ಹಸಿದರೂ ನೀನೇಕೆ ನೋಡಲಿಲ್ಲ ಅಂತ. ಅವನು ತಿರುಗಿ ಕೇಳುವುದು, ಆ ದಿನವೂ ನಿಮ್ಮ ಆಳುಗಳನ್ನು ಗೇಯಿಸಿಕೊಂಡಿರಲ್ಲ, ನೀವು ಬಿಟ್ಟ ಅನ್ನ ಯಾರ ಎಲೆಗೆ ಬಿತ್ತು ಅಂತ. ಮೊಬೈಲಿಗೂ ಅದೇ ಪ್ರಶ್ನೆ. ಬಿಟ್ಟ ಹೊತ್ತು ಯಾರಿಗೆ ಹೋಯಿತು? ರೀಲ್ಸ್ ಬಿಟ್ಟು ಟಿವಿ ಧಾರಾವಾಹಿ ನೋಡಿದರೆ ಅದು ಹೊಟ್ಟೆಗೆ ಅನ್ನದ ಬದಲು ಉಪ್ಪಿಟ್ಟು ತಿಂದ ಏಕಾದಶಿ.

ಅಂಗಡಿಯವ: ಏಕಾದಶಿ ನಮ್ಮದಲ್ಲ ಟೀಚರ್.

ಟೀಚರ್: ಸಾಗರದಲ್ಲಿ ಹುಟ್ಟಿದವರಿಗೆ ಎಲ್ಲದರ ಉಪ್ಪಿಟ್ಟೂ ಗೊತ್ತು. ಇರಲಿ, ನೀನು ಹೇಳು. ಅಂಗಡಿಯಲ್ಲಿ ಕೂತು ನೀನು ನೋಡುವುದೇನು?

ಅಂಗಡಿಯವ: ಅಡಿಕೆ ಮಾರಿದ ವಾರ ಹೊಸ ಫೋನ್ ಹೋಗುತ್ತದೆ. ರಾಶಿಗೆ ಎಷ್ಟು, ಚಾಲಿಗೆ ಎಷ್ಟು ಅಂತ ಧಾರಣೆಯ ಗ್ರೂಪ್ ನೋಡುತ್ತಲೇ ದುಡ್ಡು ಎಣಿಸಿ ಕೊಡುತ್ತಾರೆ. ಕೊಟ್ಟ ಮೇಲೆ ದೊಡ್ಡವರು ಕೇಳುವುದು ಒಂದೇ ಮಾತು: 'ಮಗನ ಫೋನಿಗೆ ಒಂದು ಲಾಕ್ ಹಾಕಿಕೊಡಿ.' ಯೂಟ್ಯೂಬಿಗೆ ಲಾಕ್, ಗೇಮಿಗೆ ಲಾಕ್, ರಾತ್ರಿ ಹತ್ತಕ್ಕೆ ತಾನಾಗಿ ನಿಲ್ಲುವ ಹಾಗೆ ಲಾಕ್. ನಾನು ಹಾಕಿಕೊಡುತ್ತಾ ಇರುವಾಗ ಕೌಂಟರಿನ ಆಚೆ ನಿಂತು ಅವರು ತಮ್ಮ ಫೋನಿನಲ್ಲಿ ಬೆರಳು ಆಡಿಸುತ್ತಾ ಇರುತ್ತಾರೆ. ಪಿನ್ ಏನು ಇಡಲಿ ಅಂತ ಎರಡು ಸಲ ಕೇಳಿದರೂ ಕೇಳಿಸುವುದಿಲ್ಲ. ಕೊನೆಗೆ ಪಕ್ಕದಲ್ಲಿ ನಿಂತ ಆ ಹುಡುಗನೇ ಅಪ್ಪನ ತೋಳು ಅಲ್ಲಾಡಿಸಿ, 'ಅಪ್ಪಾ, ಪಿನ್ ಕೇಳ್ತಿದಾರೆ' ಅಂದ ಒಂದು ದಿನ.

ಟೀಚರ್: ತನಗೇ ಲಾಕ್ ಬೇಕು ಅಂದವರು ಯಾರಾದರೂ?

ಅಂಗಡಿಯವ: ಅಂಗಡಿ ತೆಗೆದಾಗಿನಿಂದ ಒಬ್ಬರೂ ಇಲ್ಲ.

ಟೀಚರ್: ಇದನ್ನು ಹೇಳು. ಇದು ನೀನು ಮಾತ್ರ ಹೇಳಬಹುದಾದ ಮಾತು.

ಅಂಗಡಿಯವ: ಹೇಳಿದರೆ ಸೋಮವಾರ ಗಿರಾಕಿ ಬರುವುದಿಲ್ಲ. ಅಲ್ಲದೆ ಆ ಲಾಕಿನದ್ದೂ ಒಂದು ಕಥೆ ಇದೆ. ನಮ್ಮ ಉತ್ಪನ್ನವೇ ನಿಮ್ಮನ್ನು ನಿಮ್ಮಿಂದ ಕಾಪಾಡುತ್ತದೆ ಅಂತ ಗೂಗಲ್‌ನವರೂ ಆಪಲ್‌ನವರೂ 2018ರಲ್ಲಿ ಫೋನಿನ ಒಳಗೇ ಗಡಿಯಾರ ಇಟ್ಟರು. ಹೊತ್ತು ಮುಗಿಯಿತು ಅಂತ ಪರದೆ ಬರುತ್ತದೆ. ಕೆಲವು ಫೋನಿನಲ್ಲಿ ಅದರ ಕೆಳಗೇ, ಇವತ್ತೊಂದು ದಿನ ಬಿಟ್ಟುಬಿಡು ಅನ್ನುವ ಗುಂಡಿಯೂ ಇರುತ್ತದೆ. ನಾನು ಸ್ವಂತ ಫೋನಿಗೆ ಹಾಕಿಕೊಂಡಿದ್ದೇನಲ್ಲ, ಆ ಗುಂಡಿ ಎಲ್ಲಿದೆ ಅಂತ ಈಗ ಹೆಬ್ಬೆರಳಿಗೆ ಬಾಯಿಪಾಠ.

ಟೀಚರ್: ಸಂತ ಪೌಲ ಕೊರಿಂಥದವರಿಗೆ ಬರೆದದ್ದು ಅದನ್ನೇ. ಯಾವುದಕ್ಕೂ ತಡೆ ಇಲ್ಲ, ಹಾಗಂತ ಯಾವುದೂ ನನ್ನ ಯಜಮಾನ ಆಗಲು ಬಿಡೆ ಅನ್ನುವ ಅರ್ಥದಲ್ಲಿ. ಕೊರಿಂಥ ಬಂದರು ಪಟ್ಟಣ, ಏನು ಬೇಕೋ ಅದು ಸಿಗುತ್ತಿತ್ತು. ಅವರಿಗೆ ಬೇಡ ಅನ್ನುವವರೇ ಇರಲಿಲ್ಲ. ನಿಷೇಧದ ಭಾಷೆಯಲ್ಲಿ ಮಾತಾಡಿದರೆ ಪ್ರಯೋಜನ ಇಲ್ಲ ಅಂತ ಅವನಿಗೆ ಗೊತ್ತಿತ್ತು.

ಅಂಗಡಿಯವ: ನಮ್ಮ ಕೆಲವರು ನಿಷೇಧದ ಭಾಷೆಯಲ್ಲೇ ಮಾತಾಡುತ್ತಾರೆ. ಒಬ್ಬ ಪ್ರವಚನಕಾರರು ಮೊಬೈಲೇ ಸೈತಾನ ಅಂದರು. ಅದನ್ನು ಹೇಳಿದ್ದು ಯೂಟ್ಯೂಬಿನಲ್ಲಿ.

ಟೀಚರ್: ಯಂತ್ರದ ಜೊತೆ ನಮಗೆ ಹಗೆ ಇದ್ದದ್ದು ಯಾವಾಗ? ಭಾರತಕ್ಕೆ ಮೊದಲ ಅಚ್ಚಿನ ಯಂತ್ರ ಬಂದಿದ್ದು 1556ರಲ್ಲಿ, ಗೋವಾದ ಜೆಸ್ವಿಟರ ಮನೆಗೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ್ದು ಬಾಸೆಲ್ ಮಿಷನ್ನಿನ ಮೋಗ್ಲಿಂಗ್. ದೂರ ಯಾಕೆ, ತೀರ್ಥಹಳ್ಳಿ ಕಾಡಿಗೆ ಬಾ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಬೈಸಿಕಲ್ಲು ಬರುವುದು ಯಾರ ದೆಸೆಯಿಂದ? ಪಾದ್ರಿ ಜೀವರತ್ನಯ್ಯನ ದೆಸೆಯಿಂದ. ಊರಿನವರಿಗೆ ಅದು ಬೀಸೆಕಲ್ಲು! ಬೆಟ್ಟಳ್ಳಿಯ ದೇವಯ್ಯ ಪಾದ್ರಿಯ ಮತಕ್ಕೆ ಮರುಳಾದನೋ ಬೀಸೆಕಲ್ಲಿಗೆ ಮರುಳಾದನೋ ಅನ್ನುವುದು ನನಗಂತೂ ಇವತ್ತಿಗೂ ಬಗೆಹರಿದಿಲ್ಲ.

ಅಂಗಡಿಯವ: ಅವತ್ತಿನ ಬೈಸಿಕಲ್ಲೇ ಇವತ್ತಿನ ಫೋನ್ ಅನ್ನಿ.

ಟೀಚರ್: ಅನ್ನುವುದಿಲ್ಲ. ಬೈಸಿಕಲ್ಲು ತುಳಿಯುವುದು ಬಿಟ್ಟರೆ ನಿಲ್ಲುತ್ತದೆ. ಪತ್ರಿಕೆಗೆ ಕೊನೆಯ ಪುಟ ಇದೆ. ನಿನ್ನ ಅಂಗಡಿಯ ಸಾಮಾನಿಗೆ ಕೊನೆಯ ಪುಟ ಎಲ್ಲಿದೆ?

ಅಂಗಡಿಯವ: ಅದು ಇಲ್ಲದಿರುವುದು ಆಕಸ್ಮಿಕ ಅಲ್ಲ. ಮೊದಲು ವೆಬ್‌ಸೈಟಿನಲ್ಲಿ ಕೆಳಗೆ 1, 2, 3 ಅಂತ ಪುಟದ ಸಂಖ್ಯೆ ಇರುತ್ತಿತ್ತು. ಒತ್ತಿದರೆ ಮಾತ್ರ ಮುಂದಿನದು. ಒತ್ತುವ ಆ ಒಂದು ಗಳಿಗೆಯಲ್ಲಿ ಸಾಕು ಅನ್ನಿಸಬಹುದಿತ್ತು. 2006ರಲ್ಲಿ ಏಜಾ ರಾಸ್ಕಿನ್ ಅನ್ನುವ ವಿನ್ಯಾಸಕಾರ ಆ ತಡೆಯನ್ನೇ ತೆಗೆದ. ಬೆರಳು ಎಳೆದಷ್ಟೂ ಬರುತ್ತದೆ. ಆಮೇಲೆ ಅವನೇ ಬೇಜಾರು ಮಾಡಿಕೊಂಡು ಊರೆಲ್ಲ ಹೇಳಿಕೊಂಡು ಬಂದ. ಹೇಳಿಕೊಂಡರೂ ಎಳೆಯುವುದು ನಿಲ್ಲಲಿಲ್ಲ. ನಾವು ಕಣ್ಣು ನೆಟ್ಟಷ್ಟು ಹೊತ್ತು ಜಾಹೀರಾತು ಮಾರುತ್ತಾರೆ. ಮಾರಾಟ ಆಗುವುದು ನಮ್ಮ ಹೊತ್ತು.

ಟೀಚರ್: ಆ ಬೆರಳಿನ ಕಾಯಿಲೆ ಮಾತ್ರ ಹಳೆಯದು. ಈಜಿಪ್ಟಿನ ಮರಳುಗಾಡಿನಲ್ಲಿ ಎವಾಗ್ರಿಯಸ್ ಅಂತ ಒಬ್ಬ ಸನ್ಯಾಸಿ ಇದ್ದ, ತೀರಿಕೊಂಡಿದ್ದು 399ರಲ್ಲಿ. ಸನ್ಯಾಸಿಗಳಿಗೆ ನಡುಹಗಲಿನಲ್ಲಿ ಒಂದು ದೆವ್ವ ಬಡಿಯುತ್ತದೆ ಅಂತ ಬರೆದಿದ್ದಾನೆ. ಬಡಿದವನು ಏನು ಮಾಡುತ್ತಾನೆ ಗೊತ್ತಾ? ಹೊತ್ತೇ ಹೋಗುತ್ತಿಲ್ಲ ಅನ್ನಿಸುತ್ತದೆ. ಕಿಟಕಿಯ ಕಡೆ ನೋಡುತ್ತಾನೆ. ಗುಡಿಸಲಿನಿಂದ ಹೊರಗೆ ಬಂದು ಊಟಕ್ಕೆ ಇನ್ನೆಷ್ಟು ಹೊತ್ತಿದೆ ಅಂತ ಸೂರ್ಯನನ್ನು ಅಳೆಯುತ್ತಾನೆ. ಮಾತಿಗೆ ಯಾರಾದರೂ ಬರುತ್ತಿದ್ದಾರಾ ಅಂತ ಆಚೆ ಈಚೆ ನೋಡುತ್ತಾನೆ. ಕೂತ ಜಾಗ ಬೇಜಾರು, ಹಿಡಿದ ಕೆಲಸ ಬೇಜಾರು, ಇನ್ನೊಂದು ಕಡೆ ಹೋದರೆ ಎಲ್ಲ ಸರಿಹೋಗುತ್ತದೆ ಅನ್ನುವ ಆಸೆ.

ಅಂಗಡಿಯವ: ಮಧ್ಯಾಹ್ನ ಎರಡರಿಂದ ನಾಲ್ಕು, ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನ ಅಂಗಡಿ! ಫೇಸ್‌ಬುಕ್ ನೋಡು, ಮುಚ್ಚು, ಇನ್‌ಸ್ಟಾಗ್ರಾಂ ತೆಗೆ, ಮುಚ್ಚು, ಮತ್ತೆ ಫೇಸ್‌ಬುಕ್. ಅದಕ್ಕೆ ಮದ್ದು ಏನು ಅಂದಿದ್ದಾನೆ?

ಟೀಚರ್: ಗುಡಿಸಲು ಬಿಟ್ಟು ಏಳಬೇಡ ಅಂದಿದ್ದಾನೆ. ಕೈಗೆ ಕೆಲಸ ಹಿಡಿ, ಬೇಜಾರನ್ನು ಬೇಜಾರಾಗಿಯೇ ಕೂತು ದಾಟು ಅಂತ. ಆ ಸನ್ಯಾಸಿಗಳು ಬುಟ್ಟಿ, ಚಾಪೆ ಹೆಣೆಯುತ್ತಿದ್ದರು. ನಮ್ಮ ಹೆಗ್ಗೋಡಿನ ಪ್ರಸನ್ನರು 'ಯಂತ್ರಗಳನ್ನು ಕಳಚೋಣ ಬನ್ನಿ' ಅಂತ ಪುಸ್ತಕವನ್ನೇ ಬರೆದಿದ್ದಾರಲ್ಲ, ಕೈಮಗ್ಗದ ಸಂಸ್ಥೆಯನ್ನೂ ಕಟ್ಟಿದರು. ಅವರ ದಾರಿ ಬೇರೆ, ದೇವರ ಮಾತು ಅಲ್ಲಿ ಇಲ್ಲ. ಆದರೆ ಕೈಗೆ ಕೆಲಸ ಇಲ್ಲದವನ ಮನಸ್ಸು ಯಾರ ಕೈಗಾದರೂ ಸಿಗುತ್ತದೆ ಅನ್ನುವುದರಲ್ಲಿ ಮರಳುಗಾಡಿನವರೂ ಹೆಗ್ಗೋಡಿನವರೂ ಒಂದೇ.

ಅಂಗಡಿಯವ: ಹಾಗಾದರೆ ಭಾನುವಾರವಾದರೂ ಫೋನ್ ಮುಚ್ಚಿಡಿ ಅನ್ನಲಾ? ಸಬ್ಬತ್ತಿನ ಆಜ್ಞೆ ಇದೆಯಲ್ಲ.

ಟೀಚರ್: ಆ ಆಜ್ಞೆಯನ್ನು ಪೂರ್ತಿ ಓದಿದ್ದೀಯಾ? ವಿಮೋಚನಕಾಂಡದಲ್ಲಿ ಅದು ಉದ್ದ ಇದೆ. ನೀನು ಮಾತ್ರ ಸುಮ್ಮನಿರು ಅಂತ ಅಲ್ಲಿ ಇಲ್ಲ. ನಿನ್ನ ಮಗ, ಮಗಳು, ಗಂಡಾಳು, ಹೆಣ್ಣಾಳು, ದನಕರು, ನಿನ್ನ ಊರಿನಲ್ಲಿ ತಂಗಿದ ಪರದೇಶಿ, ಎಲ್ಲರ ಪಟ್ಟಿ ಇದೆ. ಯಜಮಾನನಿಗೆ ರಜೆ ಕೊಟ್ಟುಕೊಳ್ಳಲು ದೇವರ ಅಪ್ಪಣೆ ಬೇಕಾಗಿರಲಿಲ್ಲ. ಆಳಿಗೂ ಎತ್ತಿಗೂ ರಜೆ ಸಿಗಬೇಕಾದರೆ ಅಪ್ಪಣೆ ಬೇಕಿತ್ತು. ಈ ಡಿಜಿಟಲ್ ಮಿತಿ ಅಂತ ಬರೆಯುವವರೆಲ್ಲ ನನ್ನ ನಿದ್ದೆ, ನನ್ನ ನೆಮ್ಮದಿ, ನನ್ನ ಗಮನ ಅಂತ ಬರೆಯುತ್ತಾರೆ. ನಾನು ಬೇರೆಯವರ ಹೊತ್ತಿನೊಳಗೆ ಎಷ್ಟು ನುಗ್ಗುತ್ತೇನೆ ಅನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಅಂಗಡಿಯವ: ಅರ್ಥ ಆಗಲಿಲ್ಲ.

ಟೀಚರ್: ರಾತ್ರಿ ಹತ್ತೂವರೆಗೆ ಅಂಗಡಿಯ ಹುಡುಗನಿಗೆ ವಾಯ್ಸ್ ಮೆಸೇಜ್ ಹಾಕುವವರು ಯಾರು? 'ನಾಳೆ ಬೇಗ ಬಾ, ಸ್ಟಾಕ್ ಬರುತ್ತೆ.'

ಅಂಗಡಿಯವ: ಮರೆತುಹೋಗುತ್ತದೆ ಅಂತ ಆಗಲೇ ಹಾಕಿಬಿಡುತ್ತೇನೆ. ಅವನು ಬೆಳಿಗ್ಗೆ ನೋಡಿದರೂ ಆಯಿತಲ್ಲ.

ಟೀಚರ್: ಮಾಲೀಕನ ಮೆಸೇಜನ್ನು ಬೆಳಿಗ್ಗೆ ನೋಡುವ ಹುಡುಗ ಯಾವ ಊರಿನಲ್ಲಿದ್ದಾನೆ? ನಮ್ಮ ಶಾಲೆಗಳಲ್ಲೂ ಈಗ ಅದೇ. ನಾನು ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ ಮೇಲಿನವರು ಒಂದು ಗ್ರೂಪ್ ಮಾಡಿದರು. ರಾತ್ರಿ ಒಂಬತ್ತಕ್ಕೆ ಅಂಕಿಅಂಶ ಕೇಳುವುದು, ಹತ್ತಕ್ಕೆ ನೆನಪಿಸುವುದು. ಚರ್ಚಿನ ಗ್ರೂಪೂ ಕಡಿಮೆ ಇಲ್ಲ. ಬೆಳಗಾಗುವ ಮುಂಚೆ ಗುಲಾಬಿ ಹೂವಿನ ಶುಭೋದಯ, ನಡುರಾತ್ರಿ ಸತ್ತವರ ಸುದ್ದಿ. ಸತ್ತ ಸುದ್ದಿ ಬರಲಿ, ಬೇಡ ಅನ್ನುವುದಿಲ್ಲ. ಗುಲಾಬಿ ಯಾಕೆ? ಹಾಗಾಗಿ ನಿನ್ನ ಹತ್ತು ನಿಮಿಷದಲ್ಲಿ ಐದು ನಿಮಿಷ ಇದಕ್ಕೆ ಇಡು. ನಾನು ಯಾರ ಎತ್ತನ್ನು ಭಾನುವಾರವೂ ನೊಗಕ್ಕೆ ಕಟ್ಟಿದ್ದೇನೆ ಅಂತ ಪ್ರತಿಯೊಬ್ಬರೂ ತಮ್ಮ ಫೋನಿನ ಕಳಿಸಿದ ಪಟ್ಟಿ ತೆಗೆದು ನೋಡಿಕೊಳ್ಳಲಿ.

ಅಂಗಡಿಯವ: ಫಾರ್ವರ್ಡ್ ಬಗ್ಗೆಯೂ ಹೇಳಲೇಬೇಕು. ಅದಕ್ಕಂತೂ ಆಜ್ಞೆ ಇದೆ, ಸುಳ್ಳುಸಾಕ್ಷಿ ಹೇಳಬಾರದು ಅಂತ.

ಟೀಚರ್: ಹೇಳು. ಜಾಸ್ತಿ ಎಳೆಯಬೇಡ. 2018ರ ಜುಲೈಯಲ್ಲಿ ಬೀದರಿನ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಜನ ಕಾರು ಅಟ್ಟಿಸಿಕೊಂಡು ಹೋಗಿ ಒಬ್ಬ ಎಂಜಿನಿಯರನ್ನು ಕೊಂದರು. ಅವನು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟವರ ಜೊತೆ ಇದ್ದ, ಅಷ್ಟೆ. ಅದೇ ತಿಂಗಳು ಕಂಪನಿಯವರು ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗಿಂತ ಹೆಚ್ಚು ಒಟ್ಟಿಗೆ ಕಳಿಸುವಂತಿಲ್ಲ ಅಂತ ತಡೆ ಹಾಕಿದರು. ಅಷ್ಟು ಹೇಳಿ ಸುಮ್ಮನಾಗು. ನಮ್ಮವರ ಬಗ್ಗೆ ಬರುವ ಸುಳ್ಳಿಗೆ ಸಿಟ್ಟು ಮಾಡಿಕೊಳ್ಳುವವರು ಇನ್ನೊಬ್ಬರ ಬಗ್ಗೆ ಬರುವ ಸುಳ್ಳನ್ನು ಒತ್ತಿ ಕಳಿಸುತ್ತಾರೆ ಅನ್ನುವುದನ್ನು ಅವರವರೇ ಹೊಂದಿಸಿಕೊಳ್ಳುತ್ತಾರೆ.

ಅಂಗಡಿಯವ: ನನಗೆ ನಿಜವಾಗಿ ತೊಡಕಾಗಿರುವುದು ತೇರ್ಸಿನ ವಿಷಯ. ಮೊದಲು ಸಂಜೆ ಪ್ರಾರ್ಥನೆಯ ಆಮೋರಿ ಗಂಟೆ ಬಡಿದರೆ ಆಟ ಬಿಟ್ಟು ಓಡಿಬರುತ್ತಿದ್ದೆವು. ತೇರ್ಸ್, ಆಮೇಲೆ ಹಿರಿಯರ ಹತ್ತಿರ ಸಾಲಾಗಿ ಹೋಗಿ ಆಶೀರ್ವಾದ, ಬೆಸಾಂವ್ ಕೇಳುವುದು, ಆಮೇಲೆ ಊಟ. ಅದೇ ಹೊತ್ತಿಗೆ ಫೋನ್ ಒಳಗಿಡಿ ಅಂತ ಹೇಳೋಣ ಅಂದುಕೊಂಡೆ. ಆದರೆ ನಿಮ್ಮ ಮನೆಯಲ್ಲೇ ಫೋನನ್ನು ಆಲ್ತಾರಿನ ಮೇಲೆ, ಪವಿತ್ರ ಹೃದಯದ ಪಟಕ್ಕೆ ಒರಗಿಸಿ ಇಟ್ಟಿರುತ್ತೀರಿ!

ಟೀಚರ್: ಕುವೈತಿನಲ್ಲಿ ಮಗಳಿದ್ದಾಳೆ, ನರ್ಸ್. ಅವಳ ಡ್ಯೂಟಿ ಮುಗಿಯುವುದು ಅಲ್ಲಿಯ ಸಂಜೆ ಏಳಕ್ಕೆ. ಇಲ್ಲಿ ಆಗ ಒಂಬತ್ತೂವರೆ. ಆರೂವರೆಯ ತೇರ್ಸನ್ನು ಒಂಬತ್ತೂವರೆಗೆ ತಂದೆವು. ಊಟ ಮೊದಲು, ಪ್ರಾರ್ಥನೆ ಆಮೇಲೆ. ನನ್ನ ಅತ್ತೆ ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ಅಂಗಡಿಯವ: ನಡೆಯುತ್ತದಾ ಅದು?

ಟೀಚರ್: ಮೊದಮೊದಲು ನಡೆಯಲಿಲ್ಲ. ತೇರ್ಸ್ ಅಂದರೆ ಒಬ್ಬರು ಅರ್ಧ ಹೇಳಬೇಕು, ಉಳಿದವರು ಅರ್ಧ ಸೇರಿಸಬೇಕು. ನಾವು ಅರ್ಧ ಹೇಳಿ ನಿಲ್ಲಿಸುವುದು, ಅವಳ ದನಿ ಕುವೈತಿನಿಂದ ಸುತ್ತಿ ಬರುವ ಹೊತ್ತಿಗೆ ನಾವು ಮುಂದಿನದಕ್ಕೆ ಬಾಯಿ ತೆರೆದಿರುತ್ತಿದ್ದೆವು. ಎರಡೂ ಡಿಕ್ಕಿ. ಮೊಮ್ಮಗ ನಕ್ಕ, ನಮ್ಮ ಯಜಮಾನರು ಗದರಿದರು, ಮಣಿ ತಪ್ಪಿತು. ಮಳೆಗಾಲದಲ್ಲಿ ಕರೆಂಟು ಹೋಗಿ ವೈಫೈ ನಿಂತರೆ ಅವಳ ಮುಖ ಬಾಯಿ ತೆರೆದ ಹಾಗೇ ಸ್ತಬ್ಧ. ಆಮೇಲೆ ಉಪಾಯ ಕಂಡುಕೊಂಡೆವು. ಮುಂದಾಳು ಅವಳೇ. ಅವಳು ಅಲ್ಲಿಂದ ಹೇಳಿ ಮುಗಿಸಿದ್ದು ಪೂರ್ತಿ ಕೇಳಿದ ಮೇಲೆಯೇ ನಾವು ಶುರು ಮಾಡುವುದು. ನಮ್ಮದು ಅವಳನ್ನು ಮುಟ್ಟುವ ತನಕ ಅವಳು ಕಾಯುತ್ತಾಳೆ. ತೇರ್ಸ್ ಉದ್ದ ಆಯಿತು. ನನ್ನ ಆಯುಷ್ಯದಲ್ಲಿ ಅಷ್ಟು ನಿಧಾನವಾಗಿ ನಾನು ಪ್ರಾರ್ಥನೆ ಹೇಳಿದ್ದೇ ಇಲ್ಲ. ಕೊನೆಗೆ ಪರದೆಯಲ್ಲೇ ಬೆಸಾಂವ್.

ಅಂಗಡಿಯವ: ಇದನ್ನು ಕೇಳಿದವರು, ನೋಡಿ, ಟೀಚರೇ ಫೋನ್ ಇಟ್ಟುಕೊಂಡು ಪ್ರಾರ್ಥನೆ ಮಾಡುತ್ತಾರೆ, ನಾವೂ ಇಟ್ಟುಕೊಳ್ಳುತ್ತೇವೆ ಅನ್ನುತ್ತಾರೆ. ಪಕ್ಕದ ಮನೆಯವರು ತೇರ್ಸನ್ನೇ ಯೂಟ್ಯೂಬಿನಲ್ಲಿ ಹಚ್ಚಿ, ಅದು ತನ್ನ ಪಾಡಿಗೆ ಹೇಳಿಕೊಳ್ಳುತ್ತಾ ಇರುವಾಗ ಒಳಗೆ ಮೀನು ಹುರಿಯುತ್ತಾರೆ. ಎರಡಕ್ಕೂ ವ್ಯತ್ಯಾಸ ಏನು ಹೇಳಲಿ?

ಟೀಚರ್: ಸಬ್ಬತ್ ದಿನ ಯೇಸು ಕೈ ಬತ್ತಿದವನನ್ನು ವಾಸಿಮಾಡಿದ. ಮನುಷ್ಯನಿಗಾಗಿ ದಿನ ಇರುವುದು ಅನ್ನುವ ವಾದ ಅವನದು. ಹಾಗಂತ ಅವನು ಸಬ್ಬತ್ತನ್ನು ರದ್ದು ಮಾಡಲಿಲ್ಲ, ಸಭಾಮಂದಿರಕ್ಕೆ ಹೋಗುವುದು ಬಿಡಲಿಲ್ಲ. ನಿಯಮ ಮುರಿದಾಗ ಎದುರಿಗೆ ಒಬ್ಬ ಮನುಷ್ಯ ಇದ್ದ, ಅವನಿಗೊಂದು ಕೈ ಇತ್ತು. ನನ್ನ ಪರದೆಯ ಆಚೆ ಇರುವುದು ನನ್ನ ಮಗಳು. ನಾನು ತಡಮಾಡಿದರೆ ಅವಳು ಅಲ್ಲಿ ಕಾಯುತ್ತಾಳೆ. ಯೂಟ್ಯೂಬಿನ ತೇರ್ಸ್ ಯಾರಿಗೂ ಕಾಯುವುದಿಲ್ಲ. ವ್ಯಾಟಿಕನ್ನಿನವರು 2023ರ ಮೇ ತಿಂಗಳಲ್ಲಿ ಸಾಮಾಜಿಕ ಜಾಲತಾಣಗಳ ಬಗ್ಗೆ ಒಂದು ಚಿಂತನಪತ್ರ ಹೊರಡಿಸಿದರಲ್ಲ, ಅದರಲ್ಲಿ ಹಿಡಿದುಕೊಂಡದ್ದು ಒಳ್ಳೆಯ ಸಮಾರಿಯದವನ ಕಥೆ. ದಾರಿಯಲ್ಲಿ ಬಿದ್ದವನ ಹತ್ತಿರ ನಿಲ್ಲುವುದು. ನಿಲ್ಲಬೇಕಾದರೆ ನಡಿಗೆ ಕಡಿಮೆ ಮಾಡಬೇಕು, ಅದನ್ನೇ ಈ ಬೆರಳಿಗೆ ಹೇಳಿಕೊಡಬೇಕಾಗಿರುವುದು.

ಅಂಗಡಿಯವ: ಮಕ್ಕಳಿಗೆ ಕಾರ್ಲೊ ಅಕುಟಿಸ್ ಕಥೆ ಹೇಳೋಣ ಅಂದುಕೊಂಡಿದ್ದೇನೆ. ಕಳೆದ ಸೆಪ್ಟೆಂಬರಿನಲ್ಲಿ ಹೊಸ ಪೋಪರು ಸಂತ ಅಂತ ಸಾರಿದರಲ್ಲ. ಹದಿನೈದಕ್ಕೇ ತೀರಿಕೊಂಡ ಹುಡುಗ, ಕಂಪ್ಯೂಟರ್ ಪ್ರವೀಣ, ವಿಡಿಯೊ ಗೇಮ್ ವಾರಕ್ಕೆ ಒಂದೇ ಗಂಟೆ ಅಂತ ತನಗೆ ತಾನೇ ಕಟ್ಟು ಹಾಕಿಕೊಂಡಿದ್ದವನು.

ಟೀಚರ್: ಹೇಳು, ಮಕ್ಕಳಿಗೆ ಇಷ್ಟ ಆಗುತ್ತದೆ, ಜೀನ್ಸ್ ಹಾಕಿದ ಸಂತ. ಆದರೆ ಅವನು ಹುಟ್ಟಿದ್ದು 1991ರಲ್ಲಿ, ತೀರಿಕೊಂಡಿದ್ದು 2006ರಲ್ಲಿ. ನೀನು ಹೇಳಿದ ಆ ಕೊನೆಯಿಲ್ಲದ ಪುಟ ಹುಟ್ಟಿದ ವರ್ಷ ಅದು. ಅವನ ಕೈಗೆ ರೀಲ್ಸ್ ಸಿಗಲಿಲ್ಲ. ಸಂತನಾದರೂ ಒಬ್ಬನೇ ಹುಡುಗನ ಮನೋಬಲವನ್ನು ತೋರಿಸಿ, ನೀವೂ ಹೀಗೆ ಇರಿ ಅಂದರೆ ಮಕ್ಕಳು ಸೋತು ಗುಟ್ಟಾಗಿ ನೋಡುತ್ತಾರೆ. ಆಸ್ಟ್ರೇಲಿಯಾದವರು ಡಿಸೆಂಬರಿನಿಂದ ಹದಿನಾರರ ಒಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆಯೇ ಬೇಡ ಅಂತ ಕಾನೂನು ಜಾರಿಗೆ ತಂದಿದ್ದು ಯಾಕೆ? ಮಗುವನ್ನು ಒಂಟಿಯಾಗಿ ಕಂಪನಿಯ ಎದುರು ಕುಸ್ತಿಗೆ ಬಿಡಬಾರದು ಅಂತ. ಗೆಲ್ಲುತ್ತದೋ ಇಲ್ಲವೋ, ಯೋಚನೆಯ ದಿಕ್ಕು ಸರಿ.

ಅಂಗಡಿಯವ: ಕಾನೂನು ಸಾಗರಕ್ಕೆ ಬರುವ ತನಕ?

ಟೀಚರ್: ಇಕ್ಕೇರಿಗೆ ಬಂದಿದ್ದ ಇಟಲಿಯವನ ಕಥೆ ನಿನಗೆ ತರಗತಿಯಲ್ಲಿ ಹೇಳಿದ್ದೆನಾ? ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನನ್ನು ಕಾಣಲು ಬಂದವನು. ವಿಚಿತ್ರ ಮನುಷ್ಯ, ಸತ್ತ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ದೇಶ ಸುತ್ತಿದವನು. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಪತ್ರದಲ್ಲಿ ಬರೆದ. ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಬರುವ ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಕೂತು ಲೆಕ್ಕ ಕಲಿಯುತ್ತಿದ್ದರಂತೆ. ನೆಲಕ್ಕೆ ಸಣ್ಣ ಮರಳು ಹರಡಿ, ಒಬ್ಬ ರಾಗವಾಗಿ ಹೇಳಿಕೊಂಡು ಬೆರಳಿನಲ್ಲಿ ಬರೆಯುವುದು, ಉಳಿದವರೂ ಹಾಗೆಯೇ ಬರೆಯುವುದು. ಮರಳು ತುಂಬಿದರೆ ಅಳಿಸಿ ಮತ್ತೆ ಹರಡುವುದು. ಮೇಷ್ಟ್ರು ಇಲ್ಲ. ತಪ್ಪಿದರೆ ತಿದ್ದುವವರು ಯಾರು ಅಂತ ಇವನು ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ಒಟ್ಟಿಗೆ ಮರೆಯುವುದು ಸಾಧ್ಯವಾ, ಒಬ್ಬ ಮರೆತರೆ ಇನ್ನೊಬ್ಬ ನೆನಪಿಸುತ್ತಾನೆ, ಅದಕ್ಕೇ ಜೊತೆಯಲ್ಲಿ ಕೂತಿದ್ದೇವೆ ಅಂದರಂತೆ.

ಅಂಗಡಿಯವ: ನಾಲ್ಕು ಮನೆಯವರು ಒಟ್ಟಿಗೆ ಮಿತಿ ಹಾಕಿಕೊಳ್ಳಬೇಕು ಅಂತೀರಿ.

ಟೀಚರ್: ತಪಸ್ಸುಕಾಲ ಅಂದರೆ ಅದೇ ಅಲ್ಲವಾ? ಶುಕ್ರವಾರ ನಿನ್ನ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ನನ್ನ ಮನೆಯಲ್ಲೂ ಬೇಯಿಸುವುದಿಲ್ಲ, ಮೀನಿನವನಿಗೂ ಗೊತ್ತಿರುತ್ತದೆ. ಒಬ್ಬನ ಹಟದ ಮೇಲೆ ನಿಂತ ವ್ರತ ಅಲ್ಲ ಅದು. ಎಲ್ಲರೂ ಗ್ರೂಪಿನಲ್ಲಿ ಇರುವಾಗ ಒಂದು ಮಗು ಮಾತ್ರ ಹೊರಗಿದ್ದರೆ ಅದು ಶಿಕ್ಷೆ. ಕೇರಿಯ ಐದಾರು ಮನೆಯವರು ಕೂಡಿ, ಏಳರಿಂದ ಎಂಟು ನಮ್ಮ ಯಾವ ಮಗುವೂ ಆನ್‌ಲೈನ್ ಇಲ್ಲ, ನಾವೂ ಇಲ್ಲ ಅಂದುಕೊಂಡರೆ ಆ ಮಗುವಿಗೆ ಕಳೆದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಯಾರ ಮನೆಯ ಅಪ್ಪ ಮೊದಲು ತಪ್ಪಿದ ಅಂತ ಮಕ್ಕಳೇ ಲೆಕ್ಕ ಇಡುತ್ತಾರೆ, ನಿನ್ನ ಅಂಗಡಿಯಲ್ಲಿ ತೋಳು ಅಲ್ಲಾಡಿಸಿದನಲ್ಲ ಆ ಹುಡುಗನ ಹಾಗೆ. ನೆಟ್‌ವರ್ಕ್ ಇಲ್ಲದ ಊರಿನವರು ಕೂತಿರುತ್ತಾರೆ ಅಂದೆನಲ್ಲ, ಅವರಿಗೆ ಭಾಷಣ ಬೇಡ, ಟವರಿಗೆ ಅರ್ಜಿ ಬರೆದುಕೊಡು. ಉಳಿದ ಹೊತ್ತಿನಲ್ಲಿ ಮಾಡಬಹುದಾದ ಕೆಲಸ ಅದು.

ಅಂಗಡಿಯವ: ಅರ್ಜಿ ಬರೆದುಕೊಡುತ್ತೇನೆ. ಟವರ್ ಬಂದರೆ ನನಗೂ ಸಿಮ್ ಹೋಗುತ್ತದೆ.

ಟೀಚರ್: ಹೋಗಲಿ. ವ್ಯಾಪಾರ ಮಾಡಬೇಡ ಅಂದವರು ಯಾರು?

ಅಂಗಡಿಯವ: ಆದರೆ ಭಾನುವಾರ ಅಂಗಡಿ ಮುಚ್ಚು ಅಂತ ಮಾತ್ರ ಹೇಳಬೇಡಿ. ಕೂಲಿಗೆ ಹೋಗುವವರು ಪೇಟೆಗೆ ಬರುವುದು ಅವತ್ತೇ. ಪೂಜೆ ಮುಗಿಸಿ ಹತ್ತಕ್ಕೆ ಬಾಗಿಲು ತೆಗೆಯುತ್ತೇನೆ.

ಟೀಚರ್: ತೆಗೆ. ಹುಡುಗನಿಗೆ ರಜೆ ಯಾವತ್ತು?

ಅಂಗಡಿಯವ: ಯಾವತ್ತು ಅಂತ ಇಲ್ಲ. ಬೇಕಾದಾಗ ಕೇಳಿ ತೆಗೆದುಕೊಳ್ಳುತ್ತಾನೆ. ಈಗಂತೂ ಅವನಿಗೆ ರಂಜಾನ್ ಉಪವಾಸ ಬೇರೆ. ಈ ವರ್ಷ ಅವರದ್ದೂ ನಮ್ಮದೂ ಒಟ್ಟಿಗೇ ಬಂದಿದೆಯಲ್ಲ. ನೀರೂ ಕುಡಿಯದೆ ಸಂಜೆ ತನಕ ಕೌಂಟರಿನಲ್ಲಿ ನಿಂತಿರುತ್ತಾನೆ.

ಟೀಚರ್: ನೀನು ಮೊಬೈಲ್ ಉಪವಾಸದ ಭಾಷಣ ಬರೆಯುತ್ತಾ ಕೂತಿರುತ್ತೀಯ. ವಾರಕ್ಕೊಂದು ದಿನ ಗೊತ್ತುಮಾಡಿಕೊಡು. ಆ ದಿನ ಫೋನೂ ಮಾಡಬಾರದು, ಮೆಸೇಜೂ ಹಾಕಬಾರದು.

ಅಂಗಡಿಯವ: ಸೋಮವಾರ ಕೊಡಬಹುದು, ವ್ಯಾಪಾರ ಕಡಿಮೆ.

ಟೀಚರ್: ಸೋಮವಾರ ನಿನಗೆ ಅನುಕೂಲ. ಅವನನ್ನು ಕೇಳಿದೆಯಾ?

ಅಂಗಡಿಯವ: ಕೇಳಿದರೆ ಶುಕ್ರವಾರ ಅನ್ನುತ್ತಾನೆ. ತಪಸ್ಸುಕಾಲದ ಶುಕ್ರವಾರ ನನಗೂ ಶಿಲುಬೆಹಾದಿ ಇದೆ ಟೀಚರ್.

ಟೀಚರ್: ಅದು ಸಂಜೆ. ನಮಾಜು ಮಧ್ಯಾಹ್ನ.